ಮನೆಯ ಇನ್ನೊಬ್ಬ ನೀಲಮ್ಮ

ನನ್ನ ಸೊಸೆಯ ಹೆಸರು ಸೌಮ್ಯಾ. ಅದು ನಾವು ಇಟ್ಟ ಹೆಸರು. ಹೆತ್ತವರು ಇಟ್ಟದ್ದು ನೀಲಮ್ಮ. ನನ್ನ ಹೆಸರೂ ನೀಲಮ್ಮ. ಅತ್ತೆ ಸೊಸೆ ಇಬ್ಬರೂ ನೀಲಮ್ಮ ಆದರೆ ಮನೆಯಲ್ಲಿ ಕರೆಯುವುದು ಹೇಗೆ, ಬೈಯುವುದು ಹೇಗೆ ಎಂದು ನನ್ನ ಯಜಮಾನರು ಮದುವೆಯ ದಿನವೇ ಅವಳ ಹೆಸರು ಬದಲಿಸಿದರು. ನಮ್ಮ ಗದಗ, ರೋಣದ ಕಡೆ ಇದು ಹೊಸದಲ್ಲ. ತಟ್ಟೆಯಲ್ಲಿ ಅಕ್ಕಿ ಹರಡುತ್ತಾರೆ. ಮದುಮಗ ಉಂಗುರದಿಂದ ಅದರಲ್ಲಿ ಹೆಂಡತಿಯ ಹೊಸ ಹೆಸರು ಬರೆಯಬೇಕು.

ನನ್ನ ಮಗ ರಾಜಶೇಖರ ಹುಟ್ಟಿದ್ದು ಇಲ್ಲೇ, ಬರ್ಮಿಂಗ್‌ಹ್ಯಾಮ್‌ನಲ್ಲಿ. ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಉಂಗುರ ಹಿಡಿದು ಸುಮ್ಮನೆ ಕೂತುಬಿಟ್ಟ. ಮಂಟಪದಲ್ಲಿದ್ದವರೆಲ್ಲ ನಕ್ಕರು. ಯಜಮಾನರು ಅವನ ಪಕ್ಕದಲ್ಲಿ ಕೂತು, ಅವನ ಬೆರಳು ಹಿಡಿದು, ಒಂದನೇ ಇಯತ್ತೆಯ ಹುಡುಗನಿಗೆ ಬರೆಸುವ ಹಾಗೆ ಬರೆಸಿದರು. ಫೋಟೋದವನು ಆ ತಟ್ಟೆಯದೂ ಒಂದು ಫೋಟೋ ತೆಗೆದ. ಅದರಲ್ಲಿ ಅಕ್ಕಿ ಇದೆ, ಹೆಸರಿದೆ, ಎರಡು ಕೈ ಇವೆ. ಮುಖ ಯಾರದೂ ಇಲ್ಲ.

ಯಜಮಾನರ ಹೆಸರು ಕರಬಸಪ್ಪ. ಇಲ್ಲಿಯ ದೊಡ್ಡ ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ರಕ್ತ ಪರೀಕ್ಷೆಯ ಕೆಲಸ ಮಾಡಿದರು. ಬಾಟಲಿಯ ಮೇಲೆ ಹೆಸರು ತಪ್ಪಿದರೆ ಒಬ್ಬರ ರಕ್ತ ಇನ್ನೊಬ್ಬರದಾಗುತ್ತದೆ ಎನ್ನುತ್ತಿದ್ದರು. ಮನೆಯಲ್ಲೂ ಅದೇ ಚಾಳಿ. ಉಪ್ಪಿನಕಾಯಿ ಭರಣಿಗೂ ಚೀಟಿ, ತಾರೀಖು, ಸಹಿ. ಹೋದ ವರ್ಷ ಜನವರಿಯಲ್ಲಿ ತೀರಿಕೊಂಡರು. ಇಲ್ಲಿಯ ನಗರಸಭೆಯ ಸ್ಮಶಾನದಲ್ಲಿ ಮಣ್ಣು ಮಾಡಿದೆವು. ಹಿಮ ಬಿದ್ದಿತ್ತು. ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ.

ಸೌಮ್ಯಾಳ ಬಗ್ಗೆ ಬರೆಯಬೇಕು.

ಅವಳ ಅಪ್ಪ ಕೊಟ್ರಪ್ಪನವರದು ರೋಣದಲ್ಲಿ ಬಳೆ ಅಂಗಡಿ. ಮೂವರು ಹೆಣ್ಣುಮಕ್ಕಳು, ಇವಳೇ ಹಿರಿಯಳು. ಪಿಯುಸಿ ಸೈನ್ಸ್‌ನಲ್ಲಿ ನೂರಕ್ಕೆ ಎಂಬತ್ತೊಂದು. ಡಿಗ್ರಿಗೆ ಗದಗಕ್ಕೆ ಕಳಿಸಲು ಅಪ್ಪನಿಗೆ ಧೈರ್ಯವಾಗಲಿಲ್ಲ. ಅಂಗಡಿಯಲ್ಲಿ ಕೂರಿಸಿಕೊಂಡರು. ನಾವು ಹೆಣ್ಣು ನೋಡಲು ಹೋದಾಗ ಅವಳು ಒಬ್ಬ ಮುದುಕಿಯ ಕೈಗೆ ಬಳೆ ತೊಡಿಸುತ್ತಿದ್ದಳು. ಮುದುಕಿಯ ಗೆಣ್ಣು ಊದಿತ್ತು. ಅವಳು ಒತ್ತಲಿಲ್ಲ, ಎಳೆಯಲಿಲ್ಲ. ಮುದುಕಿಯ ಮೊಮ್ಮಕ್ಕಳ ಸುದ್ದಿ ಕೇಳುತ್ತಾ ಕೂತಳು. ಮಾತು ಮುಗಿಯುವಷ್ಟರಲ್ಲಿ ಬಳೆ ಕೈಯಲ್ಲಿತ್ತು. ಯಜಮಾನರು ನನಗೆ ಕಣ್ಸನ್ನೆ ಮಾಡಿದರು. ಮಾತುಕತೆಯಲ್ಲಿ ಕೊಟ್ರಪ್ಪನವರು ಕೇಳಿದ್ದು ಒಂದೇ, ಹುಡುಗಿಯನ್ನು ಮುಂದೆ ಓದಿಸುತ್ತೀರಾ ಎಂದು. ಯಜಮಾನರು ಎಲ್ಲರ ಎದುರು ಓದಿಸುತ್ತೇನೆ ಎಂದರು.

ಓದಿಸಲಿಲ್ಲ. ಬಂದ ಎರಡನೆಯ ವರ್ಷ ಮೊಮ್ಮಗಳು ಆಶ್ರಿತಾ ಹುಟ್ಟಿದಳು. ಮಗನಿಗೆ ಸೊಲಿಹಲ್‌ನ ಕಾರು ಕಾರ್ಖಾನೆಯಲ್ಲಿ ಪಾಳಿ ಕೆಲಸ. ಮಗುವಿಗೆ ಎರಡು ವರ್ಷವಾದ ಮೇಲೆ ಸೌಮ್ಯಾ ಇಲ್ಲೇ ಹಾರ್ಬೋರ್ನ್‌ನ ಒಂದು ನರ್ಸರಿಯಲ್ಲಿ ಸಹಾಯಕಿಯಾಗಿ ಸೇರಿದಳು. ಆಸ್ಪತ್ರೆಯ ಡಾಕ್ಟರು, ನರ್ಸುಗಳು ಬೆಳಗ್ಗೆ ಏಳೂವರೆಗೆ ಮಕ್ಕಳನ್ನು ಬಿಟ್ಟು ಓಡುವ ಜಾಗ ಅದು. ಮಕ್ಕಳು ಬಾಗಿಲಲ್ಲೇ ಅಳುತ್ತವೆ. ಇವಳು ಅಳುವ ಮಗುವನ್ನು ಸಮಾಧಾನ ಮಾಡಲು ಹೋಗುವುದಿಲ್ಲ. ಒಂದು ಡಬ್ಬಿ ಕೊಟ್ಟು, ಇದನ್ನು ಆ ಮೇಜಿನ ತನಕ ತರುತ್ತೀಯಾ, ನನಗೆ ಭಾರ ಎನ್ನುತ್ತಾಳೆ. ಮಗು ಡಬ್ಬಿ ಹೊತ್ತು ನಡೆಯುತ್ತದೆ. ಅಳುವುದನ್ನು ಮರೆಯುತ್ತದೆ. ಕೆಂಪು ಕೂದಲಿನ ಇಂಗ್ಲಿಷ್ ಮಕ್ಕಳು ಅವಳಿಗೆ "ಬಾ, ಬಾ" ಎನ್ನುವುದನ್ನು ನಾನೇ ಕೇಳಿದ್ದೇನೆ.

ಒಂಬತ್ತು ವರ್ಷವಾದರೂ ಸಹಾಯಕಿಯೇ. ಡಿಗ್ರಿ ಆದ ಹುಡುಗಿಯರು ಬರುತ್ತಾರೆ, ಬಂದ ದಿನವೇ ಇವಳ ಮೇಲಿನವರಾಗುತ್ತಾರೆ. ಕೊನೆಗೆ ಬಂದವಳಿಗೆ ಇಪ್ಪತ್ತಮೂರು ವರ್ಷ. ಒಳ್ಳೆಯ ಹುಡುಗಿಯೇ. ಮಗು ಯಾಕೆ ಅಳುತ್ತಿದೆ ಎಂದು ಇವಳನ್ನು ಕೇಳುವಳು. ಆಮೇಲೆ ಕೂತು ಇವಳ ಕೆಲಸ ಹೇಗಿದೆ ಎಂದು ವರದಿ ಬರೆಯುವಳು.

ಮೂರು ವರ್ಷದ ಹಿಂದೆ ಅವಳಿಗೆ ಕೊವೆಂಟ್ರಿಯಲ್ಲಿ ಯೂನಿವರ್ಸಿಟಿ ಸೀಟು ಸಿಗುವುದರಲ್ಲಿತ್ತು. ವಾರಕ್ಕೆ ಐದು ದಿನ, ಹೋಗಿ ಬರುವುದಕ್ಕೇ ಮೂರು ತಾಸು. ಅದೇ ತಿಂಗಳು ಯಜಮಾನರ ಕಾಯಿಲೆ ಗೊತ್ತಾಯಿತು. ಅವಳು ಕಾಗದಪತ್ರ ಕಳಿಸಲೇ ಇಲ್ಲ. ಮುಂದಿನ ವರ್ಷ ನೋಡೋಣ ಎಂದಳು. ಆ ಮಾತನ್ನು ಎರಡು ವರ್ಷ ಹೇಳಿದಳು. ಯಜಮಾನರಿಗೆ ತಿನ್ನಿಸಿದ್ದು, ತೊಳೆದದ್ದು, ರಾತ್ರಿ ಎದ್ದದ್ದು ಅವಳು. ನೀನು ಓದಲು ಹೋಗು ಎಂದು ನಾನು ಹೇಳಲಿಲ್ಲ. ಅವಳಿಲ್ಲದೆ ನನ್ನ ಕೈಯಲ್ಲಿ ಆಗುತ್ತಿರಲಿಲ್ಲ.

ಅವರು ಹೋದ ಮೇಲೆ, ಏಪ್ರಿಲ್‌ನಲ್ಲಿ, ನಮ್ಮ ಮನೆಯಿಂದ ಬಸ್ಸಿನಲ್ಲಿ ಹದಿನೈದು ನಿಮಿಷದ ದಾರಿಯ ಕಾಲೇಜಿನಲ್ಲಿ ಡಿಗ್ರಿ ಶುರು ಮಾಡುತ್ತಾರೆಂದು ನರ್ಸರಿಯಲ್ಲಿ ಚೀಟಿ ಅಂಟಿಸಿದರು. ಸಣ್ಣ ಮಕ್ಕಳ ಶಿಕ್ಷಣದ ಬಗ್ಗೆ ಮೂರು ವರ್ಷದ ಓದು. ವಾರಕ್ಕೆ ಎರಡೇ ದಿನ ಪಾಠ, ಉಳಿದ ದಿನ ಕೆಲಸ ಮಾಡಬಹುದು. ಇಪ್ಪತ್ತೇ ಸೀಟು. ಪಾಠ ಕಾಲೇಜಿನದು, ಡಿಗ್ರಿ ಕೊಡುವುದು ಒಂದು ಯೂನಿವರ್ಸಿಟಿ. ಆ ಚೀಟಿಯನ್ನು ಅವಳು ಕಿತ್ತುಕೊಂಡು ಮನೆಗೆ ತಂದಳು. ಬೇರೆಯವರು ನೋಡಬಾರದೆಂದು ಇರಬೇಕು.

ಸೊಲಿಹಲ್‌ನಲ್ಲಿ ಡಾಕ್ಟರ್ ದತ್ತಾತ್ರೇಯ ಎಂಬವರ ಮನೆಗೆ ಊಟಕ್ಕೆ ಹೋದಾಗ ಈ ಕಾಲೇಜಿನ ಮಾತು ಬಂತು. ಡಾಕ್ಟರ ಹೆಂಡತಿ ಶರ್ವಾಣಿ ಬೆಂಗಳೂರಿನವಳು. ಮೂವತ್ತು ವರ್ಷದಿಂದ ಇಲ್ಲಿದ್ದಾಳೆ.

"ಆ ಕಾಲೇಜಲ್ಲಿ ಕೂದಲು ಕತ್ತರಿಸೋದು, ಪ್ಲಂಬಿಂಗು ಕಲಿಸ್ತಾರೆ ಅಲ್ವಾ ಸೌಮ್ಯಾ? ಅಲ್ಲಿ ಡಿಗ್ರಿನಾ?"

"ಹೌದು ಆಂಟಿ. ನಿಮ್ಮ ಬಾಯ್ಲರ್ ರಿಪೇರಿ ಮಾಡಿದೋನು ಅಲ್ಲೇ ಕಲಿತೋನು. ಈಗ ಬಿಸಿನೀರು ಬರ್ತಿದೆ ತಾನೆ?"

ಡಾಕ್ಟರು ಜೋರಾಗಿ ನಕ್ಕರು. ನಾನು ಯೋಚಿಸಿದ್ದು ಬೇರೆ. ನಮ್ಮ ಊರಲ್ಲಿ ಡಿಗ್ರಿ ಆದವರೆಲ್ಲ ಓದಿದ್ದು ಕಾಲೇಜಿನಲ್ಲೇ. ಯೂನಿವರ್ಸಿಟಿ ಎನ್ನುವುದು ಧಾರವಾಡದಲ್ಲಿ ದೂರದಿಂದ ಕಾಣುವ ಒಂದು ಕಟ್ಟಡ. ಸರ್ಟಿಫಿಕೇಟ್ ಅಲ್ಲಿಂದ ಬರುತ್ತಿತ್ತು. ಇದರಲ್ಲಿ ಹಂಗಿಸುವುದೇನಿದೆ ಎಂದು ನನಗೆ ತಿಳಿಯಲಿಲ್ಲ.

ಮೇ ತಿಂಗಳಲ್ಲಿ ಅರ್ಜಿ ಹಾಕಿದಳು. ಕರೆದು ಮಾತಾಡಿಸಿದರು. ಸೀಟು ಕೊಡುತ್ತೇವೆ, ಹಳೆಯ ಅಂಕಪಟ್ಟಿಗಳನ್ನು ನೋಡಿ ಪಕ್ಕಾ ಮಾಡುತ್ತೇವೆ, ಪತ್ರ ಬರುತ್ತದೆ ಎಂದರು. ಜುಲೈ ಪೂರ್ತಿ ಅವಳು ಕೆಲಸದಿಂದ ಬಂದವಳೇ ಚಪ್ಪಲಿ ಬಿಡುವ ಮೊದಲು ಕೇಳುತ್ತಿದ್ದಳು.

"ಅತ್ತಿ, ಕಾಲೇಜಿಂದ ಪತ್ರ ಬಂತೇನ್ರಿ?"

ಇಲ್ಲ ಎನ್ನುತ್ತಿದ್ದೆ. ನನಗೆ ಗೊತ್ತಿದ್ದ ಹಾಗೆ ಅದು ನಿಜ.

ಟಪಾಲು ಬರುವ ಹೊತ್ತಿಗೆ ಮನೆಯಲ್ಲಿ ನಾನೊಬ್ಬಳೇ. ಐದನೇ ಇಯತ್ತೆ ಓದಿದ್ದೇನೆ, ಕನ್ನಡ ಓದುತ್ತೇನೆ. ಇಂಗ್ಲಿಷ್ ಮಾತು ತಿಳಿಯುತ್ತದೆ, ಓದಲು ಬಾರದು. ಲಕೋಟೆಯ ಮೇಲೆ ನನ್ನ ಹೆಸರು, ಮಗನ ಹೆಸರು, ಸೊಸೆಯ ಹೆಸರು ಗುರುತು ಹಿಡಿಯುತ್ತೇನೆ. ಮಗ ಸೊಸೆಯರದನ್ನು ಮೆಟ್ಟಿಲ ಮೇಲೆ ಇಡುತ್ತಿದ್ದೆ. ನನ್ನದನ್ನು ಯಜಮಾನರ ಡ್ರಾಯರಿಗೆ ಹಾಕುತ್ತಿದ್ದೆ. ಅವರಿದ್ದಾಗ ಚಹಾ ಕುಡಿದ ಮೇಲೆ ನನ್ನ ಪತ್ರಗಳನ್ನು ಓದಿ ಹೇಳುವುದು ಅವರ ಕೆಲಸ. ಅವರು ಹೋದ ಮೇಲೆ ಬರುವ ಪತ್ರಗಳೆಲ್ಲ ಅವರು ಹೋದದ್ದರ ಬಗ್ಗೆಯೇ. ಮೊದಲು ನಾಲ್ಕಾರು ಮಗ ಓದಿ ಹೇಳಿದ. ಆಮೇಲೆ ನಾನು ತೋರಿಸುವುದನ್ನೇ ಬಿಟ್ಟೆ. ಡ್ರಾಯರು ಒಂದಿಷ್ಟು ತೆರೆಯುವುದು, ಒಳಗೆ ನೋಡದೆ ತುರುಕುವುದು, ಮುಚ್ಚುವುದು.

ಆಗಸ್ಟ್ ತಿಂಗಳ ಒಂದು ಬುಧವಾರ. ಸೌಮ್ಯಾಗೆ ರಜೆ ಇತ್ತು. ರೊಟ್ಟಿಗೆ ಜೋಳದ ಹಿಟ್ಟು ನಾದುತ್ತಿದ್ದಳು. ಫೋನ್ ಬಂತು. ಕೈ ಹಿಟ್ಟಾಗಿದ್ದರಿಂದ ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕಿದಳು. ಕಾಲೇಜಿನ ಹೆಂಗಸು. ಪತ್ರ ಬರೆದು ಮೂರು ವಾರವಾಯಿತು, ನೀವು ಉತ್ತರ ಕೊಟ್ಟಿಲ್ಲ, ಶುಕ್ರವಾರ ನಾಲ್ಕು ಗಂಟೆಗೆ ಕೊನೆ, ಆಮೇಲೆ ಸೀಟು ಕಾಯುತ್ತಿರುವವರಿಗೆ ಹೋಗುತ್ತದೆ ಎಂದಳು. ಪತ್ರ ಬಂದಿಲ್ಲ ಎಂದಳು ಸೌಮ್ಯಾ. ಕಳಿಸಿದ್ದೇವೆ ಎಂದಳು ಆ ಹೆಂಗಸು. ಅಂಕಪಟ್ಟಿಯಲ್ಲಿರುವ ಹೆಸರಿಗೇ ಕಳಿಸಿದೆವು, ನೀಲಮ್ಮ ಕೆ.

ನನ್ನ ಕೈಯಲ್ಲಿದ್ದ ಸೌತೆಕಾಯಿ ಅಲ್ಲೇ ಇಟ್ಟೆ.

ಕೆ ಎಂದರೆ ನನಗೆ ಕರಬಸಪ್ಪ. ಮೂವತ್ತೆಂಟು ವರ್ಷದಿಂದ ನನ್ನ ಹೆಸರಿನ ಹಿಂದೆ ಅದೇ ಇದೆ. ಅವಳ ಅಂಕಪಟ್ಟಿಯಲ್ಲಿ ಕೆ ಎಂದರೆ ಅವಳಪ್ಪ ಕೊಟ್ರಪ್ಪ. ನನಗೆ ಅದು ಹೊಳೆದಿರಲೇ ಇಲ್ಲ.

ಮೆಟ್ಟಿಲು ಹತ್ತಿ ಹೋದೆ. ಡ್ರಾಯರಿನ ಮೇಲ್ಪದರಲ್ಲಿದ್ದ ಲಕೋಟೆಗಳನ್ನೆಲ್ಲ ತಂದು ಅಡಿಗೆಮನೆಯ ಕಟ್ಟೆಯ ಮೇಲಿಟ್ಟೆ. ಫೋನ್ ಮುಗಿದಿತ್ತು. ಅವಳು ಕೈ ತೊಳೆಯದೆಯೇ ಒಂದೊಂದನ್ನೂ ತಿರುಗಿಸಿದಳು. ನಾಲ್ಕನೆಯದು ಅದು. ಮೇಲೆ ಹಿಟ್ಟಿನ ಬೆರಳು ಮೂಡಿತು.

"ಇದು ನಿಮ್ಮ ಕಡೆ ಇತ್ತೇನ್ರಿ?"

"ಹೂಂ. ನಂದು ಅಂದ್ಕೊಂಡಿದ್ನಿ."

"ದಿನಾ ಕೇಳ್ತಿದ್ನಲ್ರೀ ಅತ್ತಿ."

ಅಷ್ಟೇ ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕುರ್ಚಿ ಎಳೆದು ಕೂತು ಪತ್ರ ಓದಿದಳು, ಮತ್ತೊಮ್ಮೆ ಓದಿದಳು. ಒಂದು ಸೀಟು ನನ್ನ ಗಂಡನ ಕಾಯಿಲೆಗೆ ಹೋಯಿತು. ಇನ್ನೊಂದು ನನ್ನ ಡ್ರಾಯರಿಗೆ ಹೋಗುವುದರಲ್ಲಿತ್ತು. ಮುಂದಿನ ವರ್ಷ ಆ ಕೋರ್ಸ್ ಇರುತ್ತದೆಂದು ಕಾಲೇಜಿನವರೇ ಖಾತರಿ ಹೇಳಿರಲಿಲ್ಲ. ಅವಳಿಗೆ ಆಗಲೇ ಮೂವತ್ತಾರು.

ಪತ್ರದಲ್ಲಿದ್ದದ್ದು ಇಷ್ಟು. ಅಂಕಪಟ್ಟಿ ನೀಲಮ್ಮನದು. ಪಾಸ್‌ಪೋರ್ಟ್ ಸೌಮ್ಯಾಳದು. ಇಬ್ಬರೂ ಒಬ್ಬರೇ ಎಂದು ಮೂಲ ಕಾಗದದಿಂದ ತೋರಿಸಿ. ಮದುವೆಯ ಸರ್ಟಿಫಿಕೇಟ್ ತೆಗೆದು ನೋಡಿದೆವು. ಅದರಲ್ಲಿ ಸೌಮ್ಯಾ ಎಂದು ಮಾತ್ರ ಇತ್ತು. ನೋಂದಣಿ ಮಾಡಿಸುವಾಗ ಹೊಸ ಹೆಸರೇ ಬರೆಸಿ ಎಂದವಳು ನಾನು. ಕೊಟ್ರಪ್ಪನವರಿಗೆ ಫೋನ್ ಮಾಡಿದೆವು. ಊರಲ್ಲಿ ಪ್ರಮಾಣಪತ್ರ ಮಾಡಿಸಿ ಕಳಿಸಬೇಕೆಂದರೆ ಎರಡು ವಾರ. ಅವರಿಗೆ ವಿಷಯವೇ ಅರ್ಥವಾಗಲಿಲ್ಲ.

"ಊರಿಗೆಲ್ಲಾ ಗೊತ್ತಿರೋ ಮಾತಿಗೆ ಕಾಗದ ಯಾಕ್ರಿ ಬೀಗ್ತಿ?" ಎಂದರು.

ಸಂಜೆ ಮಗ ಪಾಳಿ ಮುಗಿಸಿ ಬಂದ. ವಿಷಯ ಕೇಳಿ ನನ್ನ ಮೇಲೆ ರೇಗಿದ. ಪತ್ರ ಬಂದರೆ ಹೇಳಬೇಕಲ್ಲ ಎಂದ. ಸೌಮ್ಯಾ ಅವನನ್ನು ಸುಮ್ಮನಿರಿಸಿದಳು. ಮಗ ಕಂಪ್ಯೂಟರಿನಲ್ಲಿ ಹುಡುಕಿ, ಇಲ್ಲಿಯ ವಕೀಲರ ಮುಂದೆ ಗೊತ್ತಿದ್ದವರು ಪ್ರಮಾಣ ಮಾಡಬಹುದು, ಆದರೆ ಜೊತೆಗೆ ಏನಾದರೂ ಹಳೆಯ ಕಾಗದ ಇದ್ದರೆ ಒಳ್ಳೆಯದು ಎಂದ.

ಕಾಗದ ಇದ್ದರೆ ಎಲ್ಲಿರುತ್ತದೆಂದು ನನಗೆ ಗೊತ್ತಿತ್ತು.

ಮೇಲೆ ಹೋಗಿ ಡ್ರಾಯರನ್ನು ಪೂರ್ತಿ ಎಳೆದು ಹಾಸಿಗೆಯ ಮೇಲೆ ಸುರಿದೆ. ಏಳು ತಿಂಗಳಲ್ಲಿ ಮೊದಲ ಸಲ. ಅವರ ಕನ್ನಡಕ. ವಿಭೂತಿ ಗಟ್ಟಿ. ಬಸ್ ಪಾಸು. ಲ್ಯಾಬಿನ ಬಿಲ್ಲೆ, ಅದರಲ್ಲಿ ಕಪ್ಪು ಕೂದಲಿನ ಫೋಟೋ. ಅದನ್ನು ಸೆರಗಿನಿಂದ ಒರೆಸಿ ಪಕ್ಕಕ್ಕಿಟ್ಟೆ. ಸೌಮ್ಯಾ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬರಲಿಲ್ಲ. ಆಮೇಲೆ ಕೆಳಗೆ ಹೋಗಿ ಚಹಾ ತಂದಿಟ್ಟಳು.

ಅಡಿಯಲ್ಲಿ ಒಂದು ಕಂದು ಲಕೋಟೆ. ಮೇಲೆ ಅವರ ಚೀಟಿ, ಮಗನ ಮದುವೆ ಎಂದು. ಒಳಗೆ ಇಂಗ್ಲಿಷ್ ಲಗ್ನಪತ್ರಿಕೆ ಒಂದು. ಆಸ್ಪತ್ರೆಯ ಗೆಳೆಯರಿಗೆಂದು ಐವತ್ತು ಇಂಗ್ಲಿಷ್‌ನಲ್ಲಿ ಮಾಡಿಸಿದ್ದರು, ಅದರಲ್ಲಿ ಉಳಿದದ್ದು. ಕೊಟ್ರಪ್ಪನವರ ಮಗಳು ನೀಲಮ್ಮ, ಕರಬಸಪ್ಪನವರ ಮಗ ರಾಜಶೇಖರ ಎಂದು ಅಚ್ಚಾಗಿತ್ತು. ತಾರೀಖು ಸರ್ಟಿಫಿಕೇಟಿನದೇ ತಾರೀಖು. ಅದರ ಹಿಂದೆ ಆ ತಟ್ಟೆಯ ಫೋಟೋ. ತಿರುಗಿಸಿದೆ. ಹಿಂಬದಿಗೆ ಅವರು ಚೀಟಿ ಅಂಟಿಸಿದ್ದರು. ಇಂಗ್ಲಿಷ್‌ನಲ್ಲಿ ಎರಡು ಸಾಲು, ಕೆಳಗೆ ತಾರೀಖು, ಸಹಿ. ಸೌಮ್ಯಾಳನ್ನು ಕೂಗಿದೆ. ಓದಿದಳು.

"ಮೊದಲಿನ ಹೆಸರು, ನೀಲಮ್ಮ ಕೆ. ಈಗಿನ ಹೆಸರು, ಸೌಮ್ಯಾ. ವ್ಯಕ್ತಿ ಒಬ್ಬರೇ."

ಓದಿ ನಕ್ಕಳು. ಆಮೇಲೆ ಅತ್ತಳು. "ಮಾವಾರು ನನ್ನೂ ಬಾಟ್ಲಿ ಮಾಡ್ಯಾರ್ರೀ ಅತ್ತಿ," ಎಂದಳು. ನಾನೂ ನಕ್ಕೆ. ಅವರು ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಗುರುವಾರ ಹಾರ್ಬೋರ್ನ್ ಪೇಟೆಯ ವಕೀಲರ ಕಚೇರಿಗೆ ಹೋದೆವು. ವಕೀಲೆ ಚಿಕ್ಕ ವಯಸ್ಸಿನವಳು. ನಾನು ಮಾಡಬೇಕಾದ ಪ್ರಮಾಣವನ್ನು ಬರೆದು, ನಿಧಾನವಾಗಿ ಓದಿ ಹೇಳಿದಳು. ನೀವು ಕಣ್ಣಾರೆ ಕಂಡಿರಾ ಎಂದು ಕೇಳಿದಳು. ಕಂಡಿದ್ದೇನೆ, ತಟ್ಟೆಗೆ ಅಕ್ಕಿ ಹಾಕಿದವಳೇ ನಾನು ಎಂದೆ. ಈ ಚೀಟಿ ಬರೆದವರು ಬಂದು ಸಹಿ ಮಾಡಬಹುದೇ ಎಂದಳು. ಅವರು ತೀರಿಕೊಂಡಿದ್ದಾರೆ ಎಂದೆ. ಆ ಮಾತನ್ನು ನಾನೇ ಬಾಯಿಬಿಟ್ಟು ಬೇರೆಯವರಿಗೆ ಹೇಳಿದ್ದು ಅಂದೇ. ಆವರೆಗೆ ಮಗನೇ ಹೇಳುತ್ತಿದ್ದ. ಅವಳು ಪೆನ್ನು ಕೊಟ್ಟಳು. ಕನ್ನಡದಲ್ಲಿ ಸಹಿ ಮಾಡಿದರೆ ನಡೆಯುತ್ತದೆಯೇ ಎಂದು ಕೇಳಿದೆ. ನಿಮ್ಮ ಸಹಿ ಯಾವುದೋ ಅದನ್ನೇ ಮಾಡಿ ಎಂದಳು. ನೀಲಮ್ಮ ಎಂದು ಬರೆದೆ.

ಶುಕ್ರವಾರ ಅವಳ ಜೊತೆ ನಾನೂ ಬಸ್ಸು ಹತ್ತಿದೆ. ಬರಬೇಡಿ ಎಂದಳು. ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಕಾಲೇಜು ದೊಡ್ಡದೇನಲ್ಲ. ಕೆಳಗೆ ಒಂದು ಕೋಣೆಯಲ್ಲಿ ಹುಡುಗಿಯರು ಬೊಂಬೆತಲೆಯ ಕೂದಲು ಬಾಚುತ್ತಿದ್ದರು. ಶರ್ವಾಣಿ ಹೇಳಿದ್ದು ಸುಳ್ಳಲ್ಲ. ಮೇಲಿನ ಮಹಡಿಯಲ್ಲಿ ಕುರ್ಚಿ ಹಾಕಿದ್ದರು. ಗಡಿಯಾರ ಎರಡೂ ಇಪ್ಪತ್ತು ತೋರಿಸುತ್ತಿತ್ತು. ಸೌಮ್ಯಾ ಒಳಗೆ ಹೋದಳು. ಬಾಗಿಲಿನ ಗಾಜಿನಲ್ಲಿ ಅವಳ ಬೆನ್ನು ಕಾಣುತ್ತಿತ್ತು. ಬೆನ್ನು ಅಲುಗಲಿಲ್ಲ. ಫೋನ್ ಮಾಡಿದ್ದ ಆ ಹೆಂಗಸು ಕಾಗದ ತಿರುವಿದಳು. ಫೋಟೋ ನೋಡಿದಳು, ತಿರುಗಿಸಿದಳು, ಮತ್ತೆ ನೋಡಿದಳು. ಎದ್ದು ಬೇರೆ ಕೋಣೆಗೆ ಹೋದಳು. ಯೂನಿವರ್ಸಿಟಿಗೆ ಫೋನ್ ಮಾಡಲು ಹೋದದ್ದಂತೆ. ನಾನು ಸೆರಗಿನ ಅಂಚು ಸುತ್ತಿದೆ, ಬಿಚ್ಚಿದೆ. ಎರಡೂ ಐವತ್ತು ಆಯಿತು.

ಆ ಹೆಂಗಸು ಬಂದು ಕೂತಳು. ಏನೋ ಹೇಳಿದಳು. ಸೌಮ್ಯಾಳ ಬೆನ್ನು ಸಡಿಲಾಯಿತು. ನನಗೆ ಅಷ್ಟು ಸಾಕಾಯಿತು.

ಆ ಹೆಂಗಸು ನನ್ನನ್ನೂ ಒಳಗೆ ಕರೆದಳು. ಫೋಟೋದಲ್ಲಿ ಎರಡು ಕೈ ಯಾರದು ಎಂದು ಕೇಳಿದಳು. ಕೆಳಗಿನದು ಮಗನದು, ಮೇಲಿನದು ನನ್ನ ಗಂಡನದು ಎಂದೆ. ಇಷ್ಟು ಚೊಕ್ಕವಾಗಿ ಚೀಟಿ ಬರೆದಿಟ್ಟವರನ್ನು ನಾನು ನೋಡಿಲ್ಲ ಎಂದಳು. ಲ್ಯಾಬಿನವರು ಎಂದೆ. ಕಾಲೇಜಿನ ಗುರುತಿನ ಕಾರ್ಡ್‌ಗೆ ಸೌಮ್ಯಾಳ ಫೋಟೋ ಅಲ್ಲೇ ತೆಗೆದರು. ಪಾಸ್‌ಪೋರ್ಟಿನಲ್ಲಿರುವ ಹೆಸರೇ ಕಾರ್ಡಿಗೆ, ಮುಂದೆ ಡಿಗ್ರಿಗೂ ಅದೇ ಎಂದರು. ಯಜಮಾನರು ಅಕ್ಕಿಯಲ್ಲಿ ಬರೆಸಿದ ಹೆಸರು ಹೀಗೆ ಡಿಗ್ರಿಯ ಮೇಲೂ ಬರುತ್ತದೆ. ಓದಿಸುತ್ತೇನೆ ಎಂದ ಮಾತು ಅವರು ಇದ್ದಾಗ ನಡೆಸಲಿಲ್ಲ. ಇಲ್ಲದಾಗ ನಡೆಸಿದರು.

ಬಸ್ಸಿನಲ್ಲಿ ಅವಳು ನನ್ನ ಭುಜಕ್ಕೆ ತಲೆ ಇಟ್ಟು ನಿದ್ದೆ ಹೋದಳು. ಎರಡು ರಾತ್ರಿ ಮಲಗಿರಲಿಲ್ಲ. ನಮ್ಮ ನಿಲ್ದಾಣ ಬಂದರೂ ಎಬ್ಬಿಸಲಿಲ್ಲ. ಎರಡು ನಿಲ್ದಾಣ ಮುಂದೆ ಹೋಗಿ ಇಳಿದು ನಡೆದು ಬಂದೆವು.

ಬಾಗಿಲು ತೆಗೆದರೆ ನೆಲದ ಮೇಲೆ ಒಂದು ಲಕೋಟೆ ಬಿದ್ದಿತ್ತು. ಎತ್ತಿಕೊಂಡೆ. ನೀಲಮ್ಮ ಕೆ. ಅವಳ ಕೈಗೆ ಕೊಟ್ಟೆ.

"ಯಾವ ನೀಲಮ್ಮಂದು ನೋಡವಾ."

ಅವಳು ಅಲ್ಲೇ ಒಡೆದು ಓದಿದಳು. ಅದು ನನ್ನದೇ. ಕಣ್ಣಿನ ಆಸ್ಪತ್ರೆಯವರು ಪರೀಕ್ಷೆಗೆ ಕರೆದಿದ್ದರು. ಇದು ಎರಡನೆಯ ಪತ್ರವಂತೆ. ಮೊದಲನೆಯದು ಯಾವಾಗ ಬಂತು ಎಂದು ಕೇಳಿದಳು. ಹಾಸಿಗೆಯಲ್ಲಿ ಅವರ ಬದಿಗೆ ಇನ್ನೂ ಹಾಗೇ ಬಿದ್ದಿರುವ ರಾಶಿಯಲ್ಲಿರಬೇಕು ಎಂದೆ.

ಚಹಾಕ್ಕೆ ಇಟ್ಟು, ಆ ರಾಶಿಯನ್ನು ಕೆಳಗೆ ತಂದು, ಒಂದೊಂದಾಗಿ ಓದಿಸಿ ಕೇಳಿದೆ.